ನಲವತ್ತು ಸೆಕೆಂಡಿನ ಹಠ

ಬೆಳಗಿನ ಐದು ಇಪ್ಪತ್ತು. ಕೂಡ್ಲಿಗಿಯ ಒಂದು ಅಡ್ಡರಸ್ತೆಯ ನಟ್ಟನಡುವೆ ಕ್ರಾಂತಿಕುಮಾರ್ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ನಾಲ್ಕಡಿ ಉದ್ದದ ಕಬ್ಬಿಣದ ಸರಳು. ಅದರ ಒಂದು ತುದಿ ನೆಲಕ್ಕೆ ಊರಿದೆ, ಇನ್ನೊಂದು ಅವರ ಕಿವಿಗೆ ತಾಗಿದೆ. ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಾನೆ. ಇವರು ತಲೆಯೆತ್ತದೆ ಎಡಗೈ ಮೇಲೆತ್ತಿ ತೋರಿಸುತ್ತಾರೆ. ವ್ಯಾನು ಸುಮ್ಮನೆ ನಿಲ್ಲುತ್ತದೆ. ಆ ಕೈಯ ಅರ್ಥ ಊರಿಗೆ ಗೊತ್ತು.

"ಇಲ್ಲಲ್ಲ," ಎನ್ನುತ್ತಾ ಎರಡು ಹೆಜ್ಜೆ ಸರಿದು ಮತ್ತೆ ಕೂರುತ್ತಾರೆ. "ಇಲ್ಲೈತಿ ನೋಡ್ರಿ. ಅಲ್ಲಿ ಬರೀ ಗುಂಯ್ ಅಂತಿತ್ತು. ಇಲ್ಲಿ ಸಣ್ಣಗ ಸೀಟಿ ಹೊಡದಂಗ ಕೇಳಸ್ತೈತಿ. ಪೈಪ್ ಒಡದಿದ್ದು ಇಲ್ಲೇ."

ನಾನೂ ಕಿವಿ ಇಟ್ಟು ನೋಡಿದೆ. ಸರಳು ತಣ್ಣಗಿತ್ತು ಅನ್ನುವುದು ಬಿಟ್ಟರೆ ಏನೂ ತಿಳಿಯಲಿಲ್ಲ. ಮುಕ್ಕಾಲು ಗಂಟೆ ಅಗೆದ ಮೇಲೆ ಎರಡೂವರೆ ಅಡಿ ಆಳದಲ್ಲಿ ಪೈಪಿನ ಸೀಳು ಸಿಕ್ಕಿತು, ಅವರು ಹೇಳಿದ ಜಾಗಕ್ಕಿಂತ ಒಂದು ಗೇಣೂ ಆಚೀಚೆ ಇಲ್ಲ.

ನಲವತ್ತೈದು ವರ್ಷದ ಕ್ರಾಂತಿಕುಮಾರ್ ಇಲ್ಲಿ ನೀರು ಬಿಡುವ ವಾಲ್‌ಮನ್. ಗುತ್ತಿಗೆ ಕೆಲಸ, ಇಪ್ಪತ್ತೊಂದು ವರ್ಷದಿಂದ. ದಿನಕ್ಕೆ ನಲವತ್ಮೂರು ವಾಲ್ವ್ ತಿರುಗಿಸಬೇಕು, ಹಳೇ ಮೊಪೆಡ್ಡಿನಲ್ಲಿ ಹನ್ನೊಂದು ಕಿಲೋಮೀಟರ್ ಸುತ್ತಬೇಕು. ನೀರು ಬಂದ ದಿನ ಇವರ ನೆನಪು ಯಾರಿಗೂ ಇರುವುದಿಲ್ಲ. ಬಾರದ ದಿನ ಇಡೀ ಊರಿಗೆ ಇವರ ಫೋನ್ ನಂಬರ್ ಬಾಯಿಪಾಠ. ಆದರೆ ನಾನು ಬಂದಿದ್ದು ನೀರಿನ ಸುದ್ದಿಗಲ್ಲ. ಇದೇ ಕಿವಿ ಮಧ್ಯಾಹ್ನದ ಮೇಲೆ ಮಾಡುವ ಇನ್ನೊಂದು ಕೆಲಸಕ್ಕೆ.

ಅವರ ಮನೆಯ ಹೊರಕೋಣೆಯಲ್ಲಿ ಬುದ್ಧನ ಚಿತ್ರ, ಬಾಬಾಸಾಹೇಬರ ಫೋಟೊ, ಒಂದು ರೆಕಾರ್ಡ್ ಪ್ಲೇಯರ್, ಒಂದು ಟೇಪ್‌ರೆಕಾರ್ಡರ್. ಗೋಡೆಯುದ್ದಕ್ಕೂ ಕಪಾಟು. ಅದರ ತುಂಬ ಜಾಝ್. ಅಮೆರಿಕದ ಕಪ್ಪು ಜನ ಕಟ್ಟಿ ಬೆಳೆಸಿದ ಸಂಗೀತ, ಅದೂ ಅರವತ್ತು ಎಪ್ಪತ್ತು ವರ್ಷ ಹಿಂದಿನದು. ರೆಕಾರ್ಡಿನ ತಟ್ಟೆ, ಕ್ಯಾಸೆಟ್, ಸಿ.ಡಿ. ಸೇರಿ ಇನ್ನೂರ ಹನ್ನೆರಡು. ಆದರೆ ಆ ಸಂಖ್ಯೆ ನೋಡಿ ಮೋಸಹೋಗಬೇಡಿ. ಬೇರೆ ಬೇರೆ ಅಂತ ಎಣಿಸಿದರೆ ಮೂವತ್ತೊಂಬತ್ತೇ. ಉಳಿದದ್ದೆಲ್ಲ ಅವುಗಳದ್ದೇ ಮರುಮುದ್ರಣ. ಒಂದೇ ಸಂಗೀತ ಜಪಾನಿನಲ್ಲಿ ಅಚ್ಚಾದದ್ದು, ಯುರೋಪಿನಲ್ಲಿ ಅಗ್ಗಕ್ಕೆ ಬಂದದ್ದು, ಹೊಸದಾಗಿ 'ಶುದ್ಧ' ಮಾಡಿ ಬಿಟ್ಟದ್ದು. ಒಂದೇ ರೆಕಾರ್ಡ್ ಐದು ಸಲ, ಏಳು ಸಲ.

"ಮದುವಿ ಆದ ಹೊಸದರಾಗ ನಾನು, ಪಾಪ ಗೊತ್ತಾಗಲಾರದ ಇದ್ದದ್ದನ್ನ ಮತ್ತ ತಂದಾರ ಅನ್ಕಂಡಿದ್ದೆ," ಎಂದು ಹೆಂಡತಿ ರೇಖಾ ಚಹಾ ಕೊಡುತ್ತಾ ನಗುತ್ತಾರೆ. ಅವರು ಇಲ್ಲಿನ ಕೋರ್ಟಿನಲ್ಲಿ ಟೈಪಿಸ್ಟ್. "ಆಮ್ಯಾಲ ಗೊತ್ತಾತು, ಈ ಮನುಷ್ಯ ಬೇಕಂತಲೇ ತರ್ತಾರ ಅಂತ."

ಕ್ರಾಂತಿಕುಮಾರ್ ನನಗೊಂದು ಪರೀಕ್ಷೆ ಇಟ್ಟರು. ನ್ಯೂಯಾರ್ಕಿನಲ್ಲಿ ಐವತ್ತರ ದಶಕದಲ್ಲಿ ಧ್ವನಿಮುದ್ರಣವಾದ ಒಂದು ರೆಕಾರ್ಡ್. ಅದರ ಹೆಸರು ಬರೆಯಕೂಡದು ಅಂತ ಷರತ್ತು. ಬರೆದರೆ ಗುಜರಿಯವರು ರೇಟ್ ಏರಿಸುತ್ತಾರಂತೆ. ಮೊದಲು ಜಪಾನಿನ ತಟ್ಟೆ ಹಾಕಿದರು, ಆಮೇಲೆ ತೊಂಬತ್ತರ ದಶಕದ ಸಿ.ಡಿ. ಎರಡನೆಯದೇ ಚೆನ್ನಾಗಿದೆ, ಸ್ವಚ್ಛವಾಗಿದೆ ಅಂತ ನಾನು ಧೈರ್ಯವಾಗಿ ಹೇಳಿದೆ. ಅವರು ಮೊದಲಿನ ತಟ್ಟೆಯನ್ನು ಮತ್ತೆ ಹಾಕಿದರು.

"ಸ್ವಚ್ಛ ಐತಿ, ಖರೆ. ಕರಕರ ಅನ್ನೋದು ತೆಗೀತೀವಿ ಅಂತ ಹೋಗಿ ಡ್ರಮ್ ಬಾರಸೋನ ಬ್ರಶ್ಶೂ ತೆಗದು ಒಗದಾರ. ತಂತಿ ಬ್ರಶ್ ತಗಂಡು ಆ ಮನುಷ್ಯ ಚರ್ಮದ ಮ್ಯಾಲ ಹಿಂಗ ಸವರ್ತಾನ. ಮದ್ಲನೇದ್ರಾಗ ಕೇಳ್ರಿ, ಅದಾನ. ಎರಡನೇದ್ರಾಗ ಅವ ಇಲ್ಲಾ. ಸಂಬಳ ಕಮ್ಮಿ ಇದ್ದೋನ್ನೇ ಮದ್ಲು ತೆಗೀತಾರ್ರಿ, ಎಲ್ಲಾ ಕಡಿ."

ಮತ್ತೆ ಕೇಳಿದೆ. ನಿಜ. ಒಬ್ಬ ಮನುಷ್ಯ ಕಾಣೆಯಾಗಿದ್ದ, ಮತ್ತು ನಾನು ಅದನ್ನೇ ಮೆಚ್ಚಿಕೊಂಡಿದ್ದೆ. ನಾಚಿಕೆಯಾಯಿತು.

ಇದಕ್ಕೆಲ್ಲ ಅವರ ಬಳಿ ಒಂದು ಉದ್ದ ನೋಟ್‌ಬುಕ್ ಇದೆ. ಯಾವ ಮುದ್ರಣದಲ್ಲಿ ಯಾರು ಕೇಳಿಸುತ್ತಾರೆ, ಯಾರು ಕೇಳಿಸುವುದಿಲ್ಲ, ಎಷ್ಟನೇ ನಿಮಿಷದಲ್ಲಿ ಯಾರು ಕೆಮ್ಮಿದರು, ಯಾವ ಕಂಪನಿ ಆ ಕೆಮ್ಮು ಕತ್ತರಿಸಿತು. ಕೆಮ್ಮು ಉಳಿಸಿಕೊಂಡ ಕಂಪನಿಗೆ ಅಲ್ಲಿ ಹೆಚ್ಚು ಅಂಕ.

ಶುರುವಾದದ್ದು ಹಂಪಿಯ ಬಳಿಯ ಒಂದು ಗೆಸ್ಟ್‌ಹೌಸಿನಲ್ಲಿ. ಹತ್ತೊಂಬತ್ತರ ವಯಸ್ಸಿನಲ್ಲಿ ಅಲ್ಲಿ ಪೈಪಿನ ಕೆಲಸಕ್ಕಿದ್ದಾಗ ಯಾರೋ ವಿದೇಶಿ ಪ್ರವಾಸಿ ಬಿಟ್ಟುಹೋದ ಕ್ಯಾಸೆಟ್ ಕೈಗೆ ಸಿಕ್ಕಿತು. ಹಾಕಿದರೆ ಮಾತಿಲ್ಲ, ಹಾಡಿಲ್ಲ. ತುತ್ತೂರಿ ಒಂದು ಕಡೆ, ಡ್ರಮ್ ಒಂದು ಕಡೆ. "ಆ ಡ್ರಮ್ ಕೇಳಿ ನನಗ ಸಿಟ್ಟು ಬಂತು," ಎನ್ನುತ್ತಾರೆ. ಯಾಕೆ ಅಂತ ಕೇಳಿದೆ. "ಅಪ್ಪ ಬಾರಸ್ದಂಗ ಇತ್ತು. ನಾನು ಆ ವರ್ಷನ ಅಪ್ಪನ ಹಲಗಿ ಇಳಿಸಿದ್ದೆ."

ಅಪ್ಪ ಜೋಗಪ್ಪ, ಹಡಗಲಿ ತಾಲ್ಲೂಕಿನ ಇಟ್ಟಿಗಿಯವರು. ಹಲಗೆ ಎಂಬ ಚರ್ಮವಾದ್ಯ ಬಾರಿಸುವುದರಲ್ಲಿ ಸುತ್ತಲ ಊರುಗಳಿಗೆ ಹೆಸರುವಾಸಿ. ಸತ್ತವರ ಮನೆ, ಹಬ್ಬ, ಡಂಗುರ, ಎಲ್ಲಿಗೆ ಕರೆದರೂ ಹೋಗಿ ದೂರ ನಿಂತು ಬಾರಿಸಬೇಕು. ಕೊಟ್ಟಷ್ಟು ತಗೊಂಡು ಬರಬೇಕು. ಕೇರಿಯ ಹುಡುಗರು ಸಭೆ ಸೇರಿ, ಇನ್ನು ಯಾರೂ ಹೋಗುವುದಿಲ್ಲ ಅಂತ ತೀರ್ಮಾನಿಸಿದರು. ಮುಂದೆ ನಿಂತು ಮಾತಾಡಿದವರು ಕ್ರಾಂತಿಕುಮಾರ್. ದಲಿತ ಸಂಘಟನೆಯವರು ಇಟ್ಟ ಹೆಸರಿಗೆ ತಕ್ಕ ಕೆಲಸ. ಜೋಗಪ್ಪ ಹಲಗೆಯನ್ನು ಗೂಟಕ್ಕೆ ತೂಗುಹಾಕಿದರು. ಮಗನ ಜೊತೆ ಎರಡು ವರ್ಷ ಮಾತಾಡಲಿಲ್ಲ.

ಆ ತೀರ್ಮಾನ ತಪ್ಪು ಅಂತ ಮಗ ಇವತ್ತಿಗೂ ಒಪ್ಪುವುದಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಆದರೆ ಅಪ್ಪನ ಕೈ ಖಾಲಿಯಾದದ್ದು ಅವರನ್ನು ಇವತ್ತಿಗೂ ಕೊರೆಯುತ್ತದೆ.

ನಾಲ್ಕು ವರ್ಷದ ಹಿಂದೆ ಮೊಬೈಲಿನಲ್ಲಿ ಏನೋ ಹುಡುಕುವಾಗ 'ಬಯಲುಸೀಮೆಯ ಚರ್ಮವಾದ್ಯಗಳು' ಎಂಬ ಸಂಗ್ರಹ ಎದುರಾಯಿತು. ದೂರದ ನಗರದ ಒಂದು ಖಾಸಗಿ ಕಂಪನಿ ಹಳೆಯ ಕ್ಯಾಸೆಟ್ಟನ್ನು ಮರುಬಿಡುಗಡೆ ಮಾಡಿತ್ತು. ಅದರಲ್ಲಿ ಹತ್ತೊಂಬತ್ತು ನಿಮಿಷದ ಹಲಗೆ. ಕಲಾವಿದರು ಯಾರು ಅಂದರೆ, 'ಅಜ್ಞಾತ'. ಕೇಳಿದ ಕೂಡಲೇ ಅನುಮಾನ ಬಂದು ಇಟ್ಟಿಗಿಗೆ ಹೋಗಿ ಅಪ್ಪನ ಕಿವಿಗೆ ಹಿಡಿದರು. ಜೋಗಪ್ಪನಿಗೆ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಇಳಿಯುತ್ತಿದೆ. ಹತ್ತು ನಿಮಿಷ ತಲೆದೂಗುತ್ತಾ ಕೇಳಿದವರು ಹನ್ನೊಂದನೇ ನಿಮಿಷಕ್ಕೆ ಹುಬ್ಬು ಗಂಟಿಕ್ಕಿದರು.

"ಇದು ಸುಳ್ಳೈತಿ. ಕಾಸಲಾರ್ದ ಹೆಂಗ ಬಿಗಿ ಆತು?"

ಮಗನಿಗೆ ಆಗ ಹೊಳೆಯಿತು. ಹಲಗೆಯ ಚರ್ಮ ಬಾರಿಸುತ್ತಾ ಬಾರಿಸುತ್ತಾ ಸಡಿಲಾಗುತ್ತದೆ, ದನಿ ಬೀಳುತ್ತದೆ. ಆಗ ಬಾರಿಸುವುದು ನಿಲ್ಲಿಸಿ, ಜೋಳದ ಸೊಪ್ಪೆಗೆ, ಅಂದರೆ ಒಣಗಿದ ದಂಟಿಗೆ, ಬೆಂಕಿ ಹಚ್ಚಿ, ಚರ್ಮ ಕಾಯಿಸಿ ಬಿಗಿ ಮಾಡಿಕೊಳ್ಳಬೇಕು. ಈ ಧ್ವನಿಮುದ್ರಣದಲ್ಲಿ ಸಡಿಲವಾಗಿದ್ದ ದನಿ ಒಂದೇ ಏಟಿಗೆ ಬಿಗಿಯಾಗಿತ್ತು. ನಡುವೆ ಏನನ್ನೋ ಕತ್ತರಿಸಿ ಅಂಟಿಸಿದ್ದರು. ಇಪ್ಪತ್ತು ವರ್ಷ ನ್ಯೂಯಾರ್ಕಿನ ಕೆಮ್ಮು ಹುಡುಕಿದ ಮನುಷ್ಯನಿಗೆ ಇದು ಕೇಳಿಸಿರಲಿಲ್ಲ. ಅರ್ಧ ಕಿವಿಯ ಅಪ್ಪ ಹಿಡಿದಿದ್ದರು.

ಅಲ್ಲಿಂದ ಮೂಲ ಕ್ಯಾಸೆಟ್ಟಿನ ಬೇಟೆ. ಭಾನುವಾರ ಬಂದರೆ ಮೊಪೆಡ್ ಹತ್ತುವುದೇ. ಕೊಟ್ಟೂರಿನ ರೇಡಿಯೊ ರಿಪೇರಿ ಅಂಗಡಿಗಳು, ಹರಪನಹಳ್ಳಿಯ ಗುಜರಿ, ನೀಲಗುಂದದಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಟ್ರಂಕು. ಎರಡು ವರ್ಷ ಖಾಲಿ ಕೈ. ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಶಿವಯೋಗಪ್ಪನವರ ಅಟ್ಟದ ಮೇಲೆ, ಇಲಿ ಕಡಿದ ರಟ್ಟಿನ ಡಬ್ಬಿಯಲ್ಲಿ ಅದು ಸಿಕ್ಕಿತು. ೧೯೮೭ರ ಕ್ಯಾಸೆಟ್. ಮೇಲಿನ ಚೀಟಿಯಲ್ಲೂ ಹೆಸರಿಲ್ಲ, 'ಇಟ್ಟಿಗಿ, ಹಲಗೆ' ಅಂತ ಮಾತ್ರ.

ಅದನ್ನು ನನಗೂ ಕೇಳಿಸಿದರು. ಹನ್ನೊಂದನೇ ನಿಮಿಷಕ್ಕೆ ಹಲಗೆ ನಿಲ್ಲುತ್ತದೆ. ಸೊಪ್ಪೆ ಚಟಪಟ ಉರಿಯುತ್ತದೆ. ಯಾರೋ ಬೆರಳಲ್ಲಿ ಚರ್ಮ ತಟ್ಟಿ ನೋಡುತ್ತಾರೆ. ಆಮೇಲೆ ಒಂದು ಗಂಡುದನಿ, ಸಲಿಗೆಯದು: "ಜೋಗಾ, ನಿಂದು ಬಿಗಿ ಆತೇನಲೇ?" ಇನ್ನೊಂದು ದನಿ: "ತಡಿಯೋ, ಇನ್ನಾ ಎಳೀಬೇಕು." ಮತ್ತೆ ಬೆಂಕಿ. ಮತ್ತೆ ಹಲಗೆ. ಒಟ್ಟು ನಲವತ್ತು ಸೆಕೆಂಡು.

ಕಂಪನಿಯವರು ಗದ್ದಲ ಅಂತ ಕತ್ತರಿಸಿ ಎಸೆದದ್ದು ಇದನ್ನೇ. ಇಡೀ ಧ್ವನಿಮುದ್ರಣದಲ್ಲಿ ಒಬ್ಬ ಕಲಾವಿದನ ಹೆಸರು ಇದ್ದ ಜಾಗ ಅದೊಂದೇ. ಮೂಲ ಕ್ಯಾಸೆಟ್ಟು ಎದುರಿಗೇ ಇಟ್ಟುಕೊಂಡು, ಹೆಸರನ್ನು ಕೈಯಾರೆ ಕತ್ತರಿಸಿ, ಆಮೇಲೆ 'ಅಜ್ಞಾತ' ಎಂದು ಬರೆದರಲ್ಲ, ಅವರನ್ನು ಏನೆನ್ನಬೇಕೋ ನನಗೆ ತಿಳಿಯದು.

ರೇಖಾ ಈವರೆಗೆ ಒಂಬತ್ತು ಪತ್ರ ಟೈಪ್ ಮಾಡಿದ್ದಾರೆ. ಮೊದಲ ಆರಕ್ಕೆ ಉತ್ತರವಿಲ್ಲ. ಏಳನೆಯದಕ್ಕೆ ಪುರಾವೆ ಕೊಡಿ ಅಂತ ಬಂತು. ಎಂಟನೆಯದರ ಜೊತೆ ನೋಟ್‌ಬುಕ್ಕಿನ ನಾಲ್ಕು ಪುಟ ಹೋಯಿತು, ಕ್ಯಾಸೆಟ್ಟಿನ ಪ್ರತಿಯೂ ಹೋಯಿತು. ಒಂಬತ್ತನೆಯದು ನೆನಪಿನೋಲೆ. "ಕೋರ್ಟಿನ್ಯಾಗ ಇಷ್ಟು ಚಂದಾಗಿ ಯಾವ ಅರ್ಜಿನೂ ಟೈಪ್ ಮಾಡಿಲ್ಲ ನಾನು," ಎನ್ನುತ್ತಾರೆ ರೇಖಾ.

ಕೇರಿಯಲ್ಲೇ ಕೆಲವರು ಇವರನ್ನು ಆಡಿಕೊಂಡದ್ದುಂಟು. ಹಲಗೆ ಬಿಡಿ ಅಂದವನೇ ಈಗ ಹಲಗೆಗೆ ಹೆಸರು ಕೇಳುತ್ತಾನೆ ಅಂತ. ಆ ಮಾತು ಎತ್ತಿದಾಗ ಅವರ ದನಿ ಗಟ್ಟಿಯಾಗುತ್ತದೆ. "ನಾವು ಬಿಟ್ಟಿದ್ದು ಕರದಲ್ಲಿ ಹೋಗಿ ದೂರ ನಿಂದ್ರೋದನ್ನ. ನಮ್ಮಪ್ಪನ ಕೈಯಾಗ ಇದ್ದದ್ದನ್ನ ನಾನು ಯಾವತ್ತೂ ಬಿಟ್ಟಿಲ್ಲ. ಹೆಗಲ ಮ್ಯಾಲಿಂದ ಹಲಗಿ ಇಳಿಸ್ದೋನು ನಾನು. ಹೆಸರು ಹಾಕ್ಸೋದೂ ನನ್ನ ಕೆಲಸನ."

ಭಾನುವಾರ ಅವರ ಹಿಂದೆ ಕೂತು ನಾನೂ ಇಟ್ಟಿಗಿಗೆ ಹೋದೆ. ಎಂಬತ್ಮೂರರ ಜೋಗಪ್ಪ ಗೋಡೆಗೆ ಒರಗಿ ಬಲಗಿವಿಯನ್ನು ಟೇಪ್‌ರೆಕಾರ್ಡರಿಗೆ ಒತ್ತಿಕೊಂಡು ಕೂತಿದ್ದಾರೆ. ಹನ್ನೊಂದನೇ ನಿಮಿಷ ಬಂತು. ಸೊಪ್ಪೆ ಉರಿಯುವ ಸದ್ದಿಗೆ ಅವರ ಎರಡೂ ಕೈ ತಾವಾಗಿಯೇ ಮುಂದೆ ಚಾಚಿ, ಇಲ್ಲದ ಹಲಗೆಯನ್ನು ಇಲ್ಲದ ಬೆಂಕಿಯ ಮೇಲೆ ತಿರುಗಿಸುತ್ತವೆ. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಡುವುದೇನು.

"ಜೋಗಾ ಅಂತ ಕೂಗಿದ್ದು ದುರುಗಪ್ಪ," ಎಂದರು ಮುದುಕ. "ತಟ್ಟಿ ನೋಡಿದೋನು ಭರಮಪ್ಪ. ಸೊಪ್ಪಿ ಹಾಕಿದೋನು ಹುಲುಗಪ್ಪ. ಮೂರೂ ಮಂದಿ ಹೋಗ್ಯಾರ." ಆಮೇಲೆ ಮಗನ ಕಡೆ ತಿರುಗಿದರು. "ನಂದೊಂದ ಹೆಸರು ಹಾಕ್ಸಿದಿ ಅಂದ್ರ, ಅದೂ ಸುಳ್ಳ ಆಗತೈತಿ ನೋಡು."

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಕೂಡ್ಲಿಗಿಯ ಮನೆಯಲ್ಲಿ ನಾನಿರುವಾಗಲೇ ಕಂಪನಿಯ ಫೋನು ಬಂತು. ಕ್ರಾಂತಿಕುಮಾರ್ ಸ್ಪೀಕರಿಗೆ ಹಾಕಿದರು. ಆ ಕಡೆಯ ದನಿ ನಯವಾಗಿತ್ತು. ಪುರಾವೆ ಒಪ್ಪಿದ್ದೇವೆ, 'ಜೋಗಪ್ಪ ಮತ್ತು ತಂಡ' ಅಂತ ಹಾಕುತ್ತೇವೆ, ಆದರೆ ಆ ನಲವತ್ತು ಸೆಕೆಂಡು ಸೇರಿಸಲಾಗದು, ಕೇಳುವವರು ರೆಕಾರ್ಡಿಂಗ್ ಕೆಟ್ಟಿದೆ ಅಂದುಕೊಳ್ಳುತ್ತಾರೆ, ಒಪ್ಪಿಗೆ ಪತ್ರಕ್ಕೆ ಇವತ್ತೇ ಸಹಿ ಮಾಡಿ ಕಳಿಸಿಬಿಡಿ ಅಂತ.

ಒಪ್ಪಿಬಿಡುತ್ತಾರೆ ಅಂತ ನನಗನ್ನಿಸಿತು. ಅಪ್ಪನ ಬಲಗಿವಿ ಇನ್ನೆಷ್ಟು ದಿನವೋ. ಕೈಗೆ ಬಂದದ್ದನ್ನು ಬಿಡಬೇಡಿ ಅಂತ ಹೇಳುವ ಆಸೆಯೂ ನನಗಿತ್ತು. ಅವತ್ತು ಕೋರ್ಟಿಗೆ ರಜೆ ಹಾಕಿದ್ದ ರೇಖಾ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದರು.

"ಸರ್, ತಂಡ ಅನ್ನೋದು ಯಾರ ಹೆಸರೂ ಅಲ್ಲ," ಎಂದರು ಕ್ರಾಂತಿಕುಮಾರ್, ನೀರು ಬರುವ ಹೊತ್ತು ಹೇಳಿದಷ್ಟೇ ಸಮಾಧಾನವಾಗಿ. "ಬರಕಳ್ರಿ. ಜೋಗಪ್ಪ, ದುರುಗಪ್ಪ, ಭರಮಪ್ಪ, ಹುಲುಗಪ್ಪ. ನಾಲ್ಕು ಹೆಸರು, ನಲವತ್ತು ಸೆಕೆಂಡು. ಕಾಸೋದು ತೆಗದ್ರ ಅದು ಹಲಗಿ ಅಲ್ಲ ಸರ್. ಒಂದು ಕಮ್ಮಿ ಆದ್ರೂ ನನ್ನ ಸಹಿ ಇಲ್ಲ."

ಆ ಕಡೆಯವರು ವಿಚಾರ ಮಾಡಿ ತಿಳಿಸುತ್ತೇವೆ ಎಂದು ಫೋನಿಟ್ಟರು. ರೇಖಾ ಒಳಗೆ ಹೋಗಿ ಹತ್ತನೇ ಪತ್ರಕ್ಕೆ ಹಾಳೆ ತಂದರು.

ಮಧ್ಯಾಹ್ನ ಇನ್ನೊಂದು ವಾರ್ಡಿನಿಂದ ದೂರು ಬಂತು, ನೀರಿನ ಜೋರಿಲ್ಲ ಅಂತ. ಕ್ರಾಂತಿಕುಮಾರ್ ಕಬ್ಬಿಣದ ಸರಳನ್ನು ಮೊಪೆಡ್ಡಿಗೆ ಕಟ್ಟುತ್ತಿದ್ದರು. ಕಂಪನಿಯವರು ಒಪ್ಪದೇ ಹೋದರೆ ಏನು ಮಾಡುತ್ತೀರಿ ಅಂತ ಕೇಳಿದೆ. ಹಗ್ಗದ ಗಂಟು ಬಿಗಿ ಮಾಡಿ, ಗಾಡಿ ಹತ್ತಿದ ಮೇಲೆ ಹೇಳಿದರು:

"ಇಪ್ಪತ್ತೊಂದು ವರ್ಷದಾಗ, ಪೈಪ್ ಎಲ್ಲಿ ಒಡದೈತಿ ಅಂತ ಗೊತ್ತಾದ ಮ್ಯಾಲ ಮಣ್ಣು ಮುಚ್ಚಿ ಮನಿಗೆ ಹೋಗಿಲ್ಲ ನಾನು. ಅಗಿತೀನ್ರಿ."