ವಿಷಾದ ಯಾಕಮ್ಮ

ಮಂಗಳವಾರ, ಬೆಳಗಿನ ಎಂಟು ಗಂಟೆ, ಕೃಷ್ಣರಾಜಪುರ ರೈಲು ನಿಲ್ದಾಣ. ಜೊತೆಗೆ ಎಪ್ಪತ್ತೆರಡರ ಅಕ್ಕ.

ನಾಳೆ ವೆಲ್ಲೂರಿನಲ್ಲಿ ಅವಳ ಕಣ್ಣಿನ ಆಪರೇಷನ್. ಈ ರೈಲು ತಪ್ಪಿದರೆ ಬಸ್ಸೇ ಗತಿ. ಅದರಲ್ಲಿ ಅಷ್ಟು ಹೊತ್ತು ಕಾಲು ಮಡಚಿ ಕೂರಲು ಅಕ್ಕನ ಮಂಡಿ ಬಿಡದು. ಒಂದು ಗಂಟೆ ಮೊದಲೇ ನಿಲ್ದಾಣ ಸೇರುವುದು ನನ್ನ ಪದ್ಧತಿ. ಇಂದು ಟಿನ್ ಫ್ಯಾಕ್ಟರಿ ವೃತ್ತದ ಟ್ರಾಫಿಕ್ಕಿನಲ್ಲಿ ಆಟೊ ಅಲುಗಾಡದೆ ನಿಂತು, ನಾವು ಮೇಲ್ಸೇತುವೆ ಹತ್ತುವಾಗಲೇ ರೈಲಿನ ಹೊತ್ತು ಮೀರಿತ್ತು. ಅಕ್ಕ ನಡುವೆಯೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಗ ಧ್ವನಿವರ್ಧಕ ಮಾತಾಡಿತು. ನಮ್ಮ ರೈಲು ಅರ್ಧ ಗಂಟೆ ತಡ, ಅಡಚಣೆಗಾಗಿ ವಿಷಾದಿಸುತ್ತೇವೆ.

"ವಿಷಾದ ಯಾಕಮ್ಮ, ನಿಧಾನವಾಗೇ ಬರ್ಲಿ" ಎಂದು ಅಕ್ಕ ಧ್ವನಿವರ್ಧಕಕ್ಕೇ ಹೇಳಿದಳು. ನನ್ನ ಕಡೆ ತಿರುಗಿ, "ರೈಲು ಲೇಟಾದ್ರೆ ಸ್ಟೇಷನ್ ಮಾಸ್ಟರ್‌ನ ಬೈಯೋಕೆ ಹೋಗ್ತಿದ್ದೆಯಲ್ಲೋ, ಹೋಗ್ಬಾ ಈಗ" ಎಂದಳು.

ನಾನು ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಟ್ಟೆ. ರೈಲು ಬಂದಾಗ ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿದ್ದೆವು.

ರಾತ್ರಿ ವೆಲ್ಲೂರಿನ ಕೋಣೆಯಲ್ಲಿ, ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ ಅಕ್ಕನ ಕಣ್ಣಿಗೆ ಹನಿ ಹಾಕಿ, ದೀಪ ಆರಿಸಿದೆ.