ಗದ್ದ ಕಾಣಬೇಕು

ನನ್ನ ಕ್ಷೌರದಂಗಡಿಯಲ್ಲಿ ಇರುವುದು ಒಂದೇ ಕುರ್ಚಿ, ಒಂದೇ ಕಾನೂನು. ಕುರ್ಚಿಯಲ್ಲಿ ಕೂತಾಗ ಎದುರಿನ ಕನ್ನಡಿಯಲ್ಲಿ ಗದ್ದ ಕಾಣಬೇಕು. ಕಾಣದಿದ್ದರೆ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಹಲಗೆ ಇಟ್ಟು, ಅದರ ಮೇಲೆ ಕೂರಿಸುತ್ತೇನೆ. ಹಲಗೆ ಬಿಟ್ಟ ಮಗು ಅಂದಿನಿಂದ ದೊಡ್ಡವರ ಲೆಕ್ಕ. ನಮ್ಮ ಬೀದಿಯ ಮಕ್ಕಳಿಗೆ ಇದು ಶಾಲೆಯ ಪರೀಕ್ಷೆಗಿಂತ ದೊಡ್ಡದು. ಅತ್ತವರಿದ್ದಾರೆ, ಕತ್ತು ಚಾಚಿ ಮೋಸ ಮಾಡಲು ನೋಡಿದವರಿದ್ದಾರೆ, ಲಂಚವಾಗಿ ಪೆಪ್ಪರಮೆಂಟು ತಂದವನೂ ಒಬ್ಬನಿದ್ದಾನೆ. ಪೆಪ್ಪರಮೆಂಟು ತಿಂದೆ, ಹಲಗೆ ತೆಗೆಯಲಿಲ್ಲ.

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು," ಎನ್ನುತ್ತಾಳೆ ಹೆಂಡತಿ. ಅನ್ನಲಿ. ಕೋಪ ನನಗೆ ಮೂಗಿನ ತುದಿಯಲ್ಲೇ. ಅದೂ ಅಲ್ಲದೆ ಕತ್ತರಿ ಹಿಡಿದು ನಿಂತವನಿಗೆ ಯಾರೂ ಎದುರಾಡುವುದಿಲ್ಲ, ನನ್ನ ಮಗಳೊಬ್ಬಳನ್ನು ಬಿಟ್ಟು.

ಹುಟ್ಟಿದಾಗ ಅವಳದು ನುಣ್ಣನೆ ಬೋಳು ತಲೆ. ಕ್ಷೌರಿಕನ ಮಗಳಿಗೆ ಕೂದಲೇ ಇಲ್ಲವಲ್ಲ ಎಂದು ಬೀದಿಯೆಲ್ಲ ನಕ್ಕಿತ್ತು. ಎರಡನೇ ವರ್ಷಕ್ಕೆ ಕೂದಲು ಬಂತು, ಜೊತೆಗೆ ಬಾಯಿಯೂ ಬಂತು. ಮೊದಲ ಸಲ ಹಲಗೆ ಹತ್ತಿಸಿದಾಗ ಅವಳು ಕಿರುಚಿದ ಸದ್ದಿಗೆ ಎದುರಿನ ಔಷಧಿ ಅಂಗಡಿಯವನು ಓಡಿ ಬಂದಿದ್ದ. ಅಂದಿನಿಂದ ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ನನಗೆ ಅವಳೇ ಮೊದಲ ಗಿರಾಕಿ.

ಕಳೆದ ಭಾನುವಾರ ಅವಳಿಗೆ ಆರು ತುಂಬಿತು. ಅಮ್ಮನ ಕೈ ಬಿಡಿಸಿಕೊಂಡು ನೇರ ಕುರ್ಚಿಯ ಮುಂದೆ ಬಂದು ನಿಂತಳು.

"ಅಪ್ಪಾ, ಇವತ್ತು ಹಲಗೆ ಬೇಡ. ನಂಗೀಗ ಆರು ವರ್ಷ."

"ವರ್ಷ ಯಾರು ಕೇಳಿದ್ರು? ಗದ್ದ ತೋರಿಸು."

ಹತ್ತಿ ಕೂತಳು. ಕನ್ನಡಿಯಲ್ಲಿ ಕಣ್ಣು ಕಂಡಿತು, ಮೂಗು ಕಂಡಿತು, ಕೆಳತುಟಿ ಕಂಡಿತು. ಅಲ್ಲಿಗೆ ಮುಗಿಯಿತು.

"ಫೇಲು! ಇರು, ಹಲಗೆ ತರ್ತೀನಿ," ಎಂದೆ. ಸುಳ್ಳು ಯಾಕೆ ಹೇಳಲಿ, ಒಳಗೊಳಗೆ ಖುಷಿಯಾಗಿತ್ತು. ಹಲಗೆಯ ಮೇಲೆ ಕೂತರೆ ಅವಳ ತಲೆ ನನ್ನ ಮುಖದ ಹತ್ತಿರಕ್ಕೆ ಬರುತ್ತದೆ. ಎರಡೂ ಕಡೆ ಸಮವಾಗಿದೆಯೇ ಎಂದು ನೋಡುವ ನೆಪದಲ್ಲಿ ಅವಳ ನೆತ್ತಿಗೊಂದು ಮುತ್ತು ಕೊಡುತ್ತೇನೆ. ಇನ್ನೊಂದು ವರ್ಷ ಅದು ಸಿಗಲಿ ಎಂಬ ಆಸೆ ನನ್ನದು.

"ಕ್ಲಾಸಲ್ಲಿ ಎಲ್ರಿಗೂ ಹೇಳ್ಬಿಟ್ಟಿದ್ದೀನಪ್ಪಾ, ಇವತ್ತು ಕುರ್ಚೀಲಿ ಕೂರ್ತೀನಿ ಅಂತ," ಎಂದಳು. ಕನ್ನಡಿಯ ಅಂಚಿನಲ್ಲಿ ಆ ಕೆಳತುಟಿ ನಡುಗತೊಡಗಿತು.

ಬೆಂಚಿನ ಮೇಲೆ ಕಾಯುತ್ತಿದ್ದ ಬಡಗಿ ಪೇಪರು ಮಡಚಿದ. "ನಿನ್ನ ಕಾನೂನೇನೋ ಸರಿ ಕಣಯ್ಯಾ. ಕುರ್ಚಿ ಸರಿ ಇದ್ಯಾ?" ಎಂದವನೇ ಎದ್ದು ಬಂದ. ಮಗಳನ್ನು ಇಳಿಯಲು ಹೇಳಿ, ಸೀಟಿನ ನಡುವೆ ಅಂಗೈ ಒತ್ತಿ ನೋಡಿದ.

"ಸ್ಪಂಜು ಸತ್ತು ಯಾವ ಕಾಲವಾಯ್ತೋ! ನೋಡಿಲ್ಲಿ, ಹಳೇ ಮಟ್ಟ ಅಂಚಲ್ಲಿ ಮಾತ್ರ ಉಳಿದಿದೆ. ನಡುವೆ ಮೂರು ಬೆರಳು ಗುಂಡಿ. ಹದಿನಾಲ್ಕು ವರ್ಷ ನಾವೆಲ್ಲ ಕೂತು ಕೂತು ಮಾಡಿದ್ದು. ಮಗು ಬೆಳೆದಿದೆ, ನಿನ್ನ ಕುರ್ಚಿ ಗಿಡ್ಡ ಆಗಿದೆ."

ಹಾಗಾದರೆ ಹೋದ ತಿಂಗಳು ನಾನು ಅಳಿಸಿ ಕಳಿಸಿದ ದರ್ಜಿಯ ಮಗಳು? ಅಯ್ಯೋ, ಆ ಪೆಪ್ಪರಮೆಂಟಿನವನು? ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ನನಗೆ ಸೋಲಲು ಬಾರದು. "ಆಯ್ತು, ನಾಳೆ ಹೊಸ ಸ್ಪಂಜು ಹಾಕಿಸ್ತೀನಿ. ಇವತ್ತೊಂದು ದಿನ ಹಲಗೆ ಮೇಲೆ ಕೂತ್ಕೋ."

"ಸ್ಪಂಜು ನಾಳೆ ಬರುತ್ತೆ. ನನ್ನ ಹುಟ್ಟುಹಬ್ಬ ನಾಳೆ ಬರುತ್ತಾ?"

"ಹೇಳ್ರೀ ಈಗ! ಎಲ್ಲಿ ಹೋಯ್ತು ಬಾಯಿ?" ಎಂದಳು ಹೆಂಡತಿ.

ಎರಡು ಟವೆಲು ಮಡಚಿ ಆ ಗುಂಡಿಗೆ ತುಂಬಿದೆ. ಬಡಗಿ ಬೆರಳಿಟ್ಟು ಅಳೆದು, ಹಳೇ ಮಟ್ಟಕ್ಕೆ ಸರಿಯಾಗಿದೆ, ಕೂದಲೆಳೆಯಷ್ಟೂ ಹೆಚ್ಚಿಲ್ಲ ಎಂದ. ಮಗಳು ಮತ್ತೆ ಹತ್ತಿದಳು. ಕನ್ನಡಿಯಲ್ಲಿ ತುಟಿ, ತುಟಿಯ ಕೆಳಗೆ ಗದ್ದ, ಗದ್ದದ ಮೇಲೆ ಬೆಳಿಗ್ಗೆ ಕುಡಿದ ಹಾಲಿನ ಕಲೆ!

"ಪಾಸು," ಎಂದೆ.

ಅವಳ ತಲೆ ಈಗ ತೀರ ಕೆಳಗಿತ್ತು, ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿಯಿತು. ಮುಗಿದ ಮೇಲೆ ದೊಡ್ಡವರಿಗೆ ಮಾಡುವ ಹಾಗೆ ಕೈಗನ್ನಡಿಯನ್ನು ಹಿಂದೆ ಹಿಡಿದು ತೋರಿಸಿದೆ. ತನ್ನ ತಲೆಯ ಹಿಂಭಾಗವನ್ನು ಜನ್ಮದಲ್ಲೇ ಮೊದಲ ಸಲ ನೋಡಿದವಳು ಗಂಭೀರವಾಗಿ, "ಎಡಗಡೆ ಒಂಚೂರು ಕಮ್ಮಿ ಮಾಡಿ," ಎಂದಳು. ನನಗೆ, ಹೆತ್ತ ಅಪ್ಪನಿಗೆ, ಗಿರಾಕಿಯ ಗತ್ತಿನಲ್ಲಿ! ಬಡಗಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಮ್ಮಿ ಮಾಡಿದೆ. ನಿಜಕ್ಕೂ ಅಲ್ಲಿ ಜಾಸ್ತಿ ಇತ್ತು.

ಕುತ್ತಿಗೆಗೆ ಪೌಡರು ಹಚ್ಚಿ, ಹೊದಿಸಿದ ಬಟ್ಟೆ ಬಿಚ್ಚಿ ಕೊಡವಿದೆ. ಅಭ್ಯಾಸಬಲ ನೋಡಿ, ಎರಡೂ ಕೈ ತಾವಾಗಿಯೇ ಅವಳ ಕಂಕುಳಿನ ಕಡೆ ಹೋದವು. ಪ್ರತಿ ಸಲವೂ ಹಾಗೆ ಎತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ನೆಲಕ್ಕೆ ಬಿಡುವುದು ವಾಡಿಕೆ.

"ಬೇಡಪ್ಪಾ, ನಾನೇ ಇಳೀತೀನಿ," ಎಂದು ಜಾರಿ ಇಳಿದು, ಅಮ್ಮನಿಗೆ ತೋರಿಸಲು ಓಡಿದಳು.

ಖುಷಿಯಾಯಿತು, ಆಗದೆ ಏನು. ಆದರೆ ಹೋದ ಸಲ ಎತ್ತಿ ಇಳಿಸಿದ್ದೇ ಕೊನೆಯದು ಎಂದು ನನಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದರೆ ಇನ್ನೆರಡು ಸುತ್ತು ತಿರುಗಿಸುತ್ತಿದ್ದೆ.