ಕ್ಲೇರ್ ಕೊರೆದ ಕೊನೆಯ ನಳಿಗೆ

ತೊರೆಯ ಮೇಲಿನ ಮಂಜು ಕರಗುವ ಮೊದಲೇ ವೆಂಡೆಲ್ ಯೋಸ್ಟ್ ನೆಲಮಾಳಿಗೆಯ ಮೇಜಿನ ಮುಂದೆ ಕೂತು ಪುಟ್ಟ ತಕ್ಕಡಿಗೆ ಕೋವಿಮದ್ದಿನ ಕಾಳು ಬಿಡುತ್ತಿದ್ದ. ಒಂದೊಂದೇ ಕಾಳು. ಮುಳ್ಳು ಅಲುಗಿ, ತೂಗಿ, ನಿಲ್ಲುವವರೆಗೆ ಉಸಿರು ಹಿಡಿದು ಕಾಯುತ್ತಿದ್ದ. ಮೂವತ್ತೆರಡು ವರ್ಷ ಪೆನ್ಸಿಲ್ವೇನಿಯದ ಆ ಗುಡ್ಡಗಳಲ್ಲಿ ಟಪಾಲು ಹಂಚಿದ ಮನುಷ್ಯ. ಅವಸರವನ್ನು ನಿವೃತ್ತಿಯ ದಿನ ಟಪಾಲು ಚೀಲದ ಜೊತೆಗೇ ಒಪ್ಪಿಸಿ ಬಂದಿದ್ದ.

ಅಂಗಡಿಯ ತೋಟಾದಲ್ಲಿ ಜಿಂಕೆ ಹೊಡೆಯಬಹುದು. ಆದರೆ ಸಾವಿರ ಗಜದಾಚೆಯ ಗುರಿಯ ಕಾಗದದಲ್ಲಿ ಗುಂಡಿನ ಪಕ್ಕಕ್ಕೆ ಗುಂಡು ಕೂರಿಸಬೇಕೆಂದರೆ ತೋಟಾ ಮನೆಯಲ್ಲೇ ತಯಾರಾಗಬೇಕು. ಕೋವಿಯ ಪ್ರತಿ ನಳಿಗೆಗೂ ತನ್ನದೇ ನಾಲಿಗೆರುಚಿ ಇದೆ ಎಂದು ಅಲ್ಲಿಯವರ ನಂಬಿಕೆ. ಯಾವ ಮದ್ದು, ಎಷ್ಟು ಕಾಳು, ಗುಂಡು ಎಷ್ಟು ಆಳಕ್ಕೆ ಕೂರಬೇಕು ಎಂಬುದನ್ನೆಲ್ಲ ಉಣಿಸಿ ಉಣಿಸಿಯೇ ತಿಳಿಯಬೇಕು. ಆದರೆ ಉಣಿಸುವುದಕ್ಕೂ ಮಿತಿಯಿದೆ. ಸಾವಿರದೈನೂರು ಗುಂಡು ಹಾರುವಷ್ಟರಲ್ಲಿ ಎಂಥ ನಳಿಗೆಯೂ ಒಳಗಿಂದ ಸುಟ್ಟು ಸವೆಯುತ್ತದೆ.

ವೆಂಡೆಲ್‌ನ ರೈಫಲ್ಲಿನಲ್ಲಿದ್ದದ್ದು ನಲವತ್ತು ವರ್ಷದ ಗೆಳೆಯ ಕ್ಲೇರ್ ಬಿಯರ್ಲಿ ಕೊರೆದ ಕೊನೆಯ ನಳಿಗೆ. ಕಾಯಿಲೆ ಬಿದ್ದ ಮೇಲೂ ಸ್ಟೂಲಿನ ಮೇಲೆ ಕೂತು ಅದನ್ನು ಮುಗಿಸಿ, ಮೂರು ವಾರಕ್ಕೆ ಕ್ಲೇರ್ ತೀರಿಹೋದ. ಊರಿನ ಬಾಯಿಗೆ ಬೀಗ ಹಾಕುವವರಾರು? ಊರಿನ ಗುರಿ ಹೊಡೆಯುವವರ ಕ್ಲಬ್ಬಿನ ಹಳೇ ಹುಲಿ ಡಾರ್ಸಿ ಹಾಪ್ಟ್ ಕಾಫಿ ಹೀರುತ್ತ ಎಲ್ಲರೆದುರು ಅಂದುಬಿಟ್ಟ: "ಕೊನೇಲಿ ಕ್ಲೇರ್ ಕೈ ನಡುಗ್ತಿತ್ತು ಕಣ್ರಪ್ಪ. ಆ ನಳಿಗೆ ಎಲ್ಲಿಂದ ನೆಟ್ಟಗೆ ಹೊಡಿಯುತ್ತೆ?"

ವೆಂಡೆಲ್‌ಗೆ ಎದೆಗೆ ಒದ್ದಂತಾಯಿತು. ಅಲ್ಲಿ ಅಂಥ ಮಾತಿಗೆ ಉತ್ತರ ಒಂದೇ: ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ನಡೆಯುವ ಪಂದ್ಯದಲ್ಲಿ ಹೊಡೆದ ಕಾಗದ ಕ್ಲಬ್ಬಿನ ಗೋಡೆಗೆ ಏರಬೇಕು. ಮನೆಯ ಹೊಲದಲ್ಲಿ ಯಾರು ಏನು ಹೊಡೆದರೂ ಅದು ಲೆಕ್ಕಕ್ಕಿಲ್ಲ.

ಭಾವಮೈದುನನ ಹುಲ್ಲುಗಾವಲಿನಲ್ಲಿ ಪರೀಕ್ಷೆ ಶುರುವಾಯಿತು. ಮೊದಲ ವಾರದಲ್ಲೇ ಐದು ಗುಂಡಿನಲ್ಲಿ ನಾಲ್ಕು ಅಂಗೈಯಡಿ ಮುಚ್ಚುವಂತೆ ಬಿದ್ದವು. ಐದನೆಯದು ಮೂರು ಬೆರಳು ಆಚೆ. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ವೆಂಡೆಲ್ ಆ ಐದನೆಯದರ ಬೆನ್ನು ಹತ್ತಿದ. ಎರಡು ಕಾಳು ಕಡಿಮೆ ಮಾಡಿದ, ಮೂರು ಕಾಳು ಹೆಚ್ಚಿಸಿದ, ಗುಂಡನ್ನು ಕೂದಲೆಳೆಯಷ್ಟು ಒಳಗೆ ತಳ್ಳಿದ.

ನಿಜ ಹೇಳಬೇಕೆಂದರೆ ಅವನಿಗೆ ಅದು ಹಿತವಾಗಿತ್ತು. ಬಿಸಿಲೇರಿದಂತೆ ದುರ್ಬೀನಿನಲ್ಲಿ ಬಿಸಿಲ್ಗುದುರೆ ಹರಿಯುತ್ತಿತ್ತು. ಹುಲ್ಲು, ಬೇಲಿ, ಗುರಿಯ ಬಿಳಿ ಕಾಗದ ಎಲ್ಲ ನೀರಿನಡಿ ಇದ್ದಂತೆ ತೇಲುತ್ತಿದ್ದವು. ಆ ಹರಿವಿನಲ್ಲೇ ಗಾಳಿಯ ದಿಕ್ಕು ಓದುವುದನ್ನು ಕಲಿಸಿದವನು ಕ್ಲೇರ್. ಅವನು ಪಕ್ಕದಲ್ಲೇ ಕೂತು "ಇರು, ಇರು, ಈಗ" ಎನ್ನುತ್ತಿದ್ದಾನೆ ಅನಿಸುತ್ತಿತ್ತು. ಗುಂಡು ಹಾರಿದ ಮೇಲೂ ಆ ದನಿ ಸ್ವಲ್ಪ ಹೊತ್ತು ಉಳಿಯುತ್ತಿತ್ತು. ಹೀಗೆ ಎರಡು ಬೇಸಿಗೆ ಕಳೆದವು, ಎರಡು ಪಂದ್ಯವೂ.

"ಈ ಸಲಾನೂ ಪಂದ್ಯಕ್ಕೆ ಹೋಗಲ್ವಾ?" ಎಂದು ಹೆಂಡತಿ ಆರ್ಲೀನ್ ಕೇಳಿದ್ದಳು.

"ಇನ್ನೊಂಚೂರು ಸರಿಯಾಗ್ಬೇಕು."

"ನಮ್ಮ ಮದುವೆಗೂ ನೀನು ಹಿಂಗೇ ಅಂದಿದ್ದೆ. ನಮ್ಮಪ್ಪ ಬೈದಿದ್ದಕ್ಕೆ ಆಯ್ತು."

"ಸೋತ್ರೆ ಡಾರ್ಸಿ ಏನಂತಾನೆ ಗೊತ್ತಲ್ಲ? ನನ್ನನ್ನಲ್ಲ, ಕ್ಲೇರ್‌ನ ಅಂತಾನೆ."

"ಹೋಗದೇ ಇದ್ರೂ ಅದೇ ಅಂತಿದಾನಲ್ಲ," ಎಂದು ಆರ್ಲೀನ್ ಕಾಕಂಬಿ ಪೈ ಎಂಬ ಸಿಹಿಯ ತುಂಡೊಂದನ್ನು ಅವನ ತಟ್ಟೆಗೆ ಹಾಕಿದಳು.

ಮೂರನೆಯ ಬೇಸಿಗೆಯ ಕೊನೆಗೆ ಗುಂಡುಗಳು ಚದುರತೊಡಗಿದವು. ಮದ್ದು ಬದಲಿಸಿದರೂ ಅಷ್ಟೇ, ತೂಕ ಬದಲಿಸಿದರೂ ಅಷ್ಟೇ. ಸಣ್ಣ ದೀಪದ ಕೊಳವೆ ತೂರಿಸಿ ನಳಿಗೆಯೊಳಗೆ ನೋಡಿದ. ಕ್ಲೇರ್ ಕೊರೆದ ಗೆರೆಗಳು ಬುಡದಲ್ಲಿ ಸವೆದು, ಉಕ್ಕು ಬತ್ತಿದ ಕೆರೆಯ ತಳದ ಹಾಗೆ ಬಿರಿದಿತ್ತು. ನೋಟುಬುಕ್ಕು ತೆಗೆದು ಗುಂಡುಗಳನ್ನು ಎಣಿಸಿದ: ಸಾವಿರದ ನಾನೂರ ಹನ್ನೆರಡು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವನು ತಾನು ಎಂದು ಆಗ ತಿಳಿಯಿತು. ಮೇಜಿನ ಮೇಲೆ ತಲೆಯಿಟ್ಟು ಅತ್ತ.

ಸರಿಮಾಡಲು ಇನ್ನೇನೂ ಉಳಿದಿರಲಿಲ್ಲ. ಪಂದ್ಯಕ್ಕೆ ಆ ವರ್ಷ ಹೋದ, ಅದೇ ನಳಿಗೆಯೊಂದಿಗೆ. ಹತ್ತು ಗುಂಡು ಹಾರಿಸಿದ. ಕಾಗದಗಳು ಗಾಡಿಯಲ್ಲಿ ಬಂದು ಗೋಡೆಗೆ ಏರಿದಾಗ ಅವನದು ನಲವತ್ತರಲ್ಲಿ ಮೂವತ್ತೊಂದನೆಯದು. ಮೆಕ್ಕೆಜೋಳದ ಸೂಪು ಬಡಿಸುತ್ತಿದ್ದ ಕ್ಲೇರ್‌ನ ಮಗಳು ನಾಡೀನ್ ಸೌಟು ಕೆಳಗಿಟ್ಟು ನೋಡಲು ಬಂದಳು. ಡಾರ್ಸಿ ಅವಳನ್ನು ನೋಡಿ ದನಿ ತಗ್ಗಿಸಿದ.

"ಪಾಪ, ನಿಮ್ಮಪ್ಪ ಆಗ ಸುಸ್ತಾಗಿದ್ದ ಬಿಡಮ್ಮ. ಅವನ ತಪ್ಪಲ್ಲ."

"ಅವನ ತಪ್ಪೇ ಇಲ್ಲ," ಎಂದ ವೆಂಡೆಲ್, ಎಲ್ಲರಿಗೂ ಕೇಳುವಂತೆ. "ನಳಿಗೆ ಚಿನ್ನದಂಗಿತ್ತು. ನಾನೇ ಪರೀಕ್ಷೆ ಮಾಡಿ ಮಾಡಿ ಸುಟ್ಟು ಹಾಕ್ದೆ. ಇದು ನನ್ನ ದಡ್ಡತನ."

"ಎಷ್ಟು ಹಾರಿಸಿದ್ದೆ?" ಎಂದು ಡಾರ್ಸಿ ಕೇಳಿದ.

"ಇವತ್ತಿಂದು ಬಿಟ್ಟು ಸಾವಿರದ ನಾನೂರ ಹನ್ನೆರಡು."

"ಒಂದು ಪಂದ್ಯಕ್ಕೂ ಬರದೆ?"

"ಬರದೆ."

ಡಾರ್ಸಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಮನೆಯ ಹೊಲದ ಹೊಡೆತವನ್ನು ಯಾರೂ ನಂಬುವುದಿಲ್ಲ, ಸರಿ. ಆದರೆ ತನ್ನ ಮಾನವನ್ನು ತಾನೇ ಕಳೆದುಕೊಳ್ಳುವ ಸುಳ್ಳನ್ನು ಯಾವ ಕೋವಿಗಾರನೂ ಹೇಳುವುದಿಲ್ಲ.

"ಲೋ, ನಳಿಗೆ ಸೊಟ್ಟಗಿದ್ರೆ ನೀನು ನೂರು ಗುಂಡಿಗೇ ಕಿತ್ತು ಬಿಸಾಕ್ತಿದ್ದೆ," ಎಂದ ಡಾರ್ಸಿ ನಿಧಾನವಾಗಿ. "ಕೆಟ್ಟ ನಳಿಗೆ ಮೇಲೆ ಯಾರೂ ಸಾವಿರದ ನಾನೂರು ಗುಂಡು ಸುಡಲ್ಲ." ಆಮೇಲೆ ನಗಲು ಶುರುಮಾಡಿದ. ಗೋಡೆಯ ಮುಂದೆ ನಿಂತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾಡೀನ್ ಮಾತ್ರ ನಗಲಿಲ್ಲ. ಅವನ ತೋಳು ಹಿಡಿದು, "ಚೆನ್ನಾಗಿ ಹೊಡೀತಿದ್ದಾಗ ಹೆಂಗಿತ್ತು ಅಂಕಲ್? ಹೇಳಿ," ಎಂದಳು. ಸೂಪು ತಣ್ಣಗಾಗುವವರೆಗೂ ಅವನು ಹೇಳಿದ.

ಈಗ ಆ ಕಣಿವೆಯಲ್ಲಿ ಅವನನ್ನು ಎಲ್ಲರೂ ನಳಿಗೆ ನುಂಗಿದ ವೆಂಡೆಲ್ ಎಂದೇ ಕರೆಯುವುದು. ಕರೆದಾಗಲೆಲ್ಲ ಅವನು ಖುಷಿಯಿಂದ ಓಗೊಡುತ್ತಾನೆ. ಯಾಕೆ ಈ ಹೆಸರು ಎಂದು ಹೊಸಬರು ಕೇಳಿದರೆ, ಕ್ಲೇರ್‌ನ ನಳಿಗೆ ಎಷ್ಟು ಚೆನ್ನಾಗಿತ್ತು ಎಂಬಲ್ಲಿಂದಲೇ ಕತೆ ಶುರುಮಾಡಬೇಕಾಗುತ್ತದೆ.